ನೂರಕ್ಕೆ ತೊಂಬತ್ತು ಅಂಕ ಬಂದ ಮಾತ್ರಕ್ಕೆ ತರ್ಕ ಬಂದಂತೆಯೇ?

ಎಐ ಭಾಷಾ ಮಾದರಿಗಳ ಬಗ್ಗೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಹೆಚ್ಚಿನವು, ಪರೀಕ್ಷೆಯಲ್ಲಿ ಅಂಕ ಹೆಚ್ಚು ಬಂದರೆ ವಿಚಾರಶಕ್ತಿಯೂ ಹೆಚ್ಚಿರುತ್ತದೆ ಎಂಬ ಒಂದೇ ನಂಬಿಕೆಯ ಮೇಲೆ ನಿಂತಿವೆ. ಸಂಖ್ಯಾಶಾಸ್ತ್ರ ಕಲಿಸುವವನಾಗಿ ಈ ನಂಬಿಕೆಯನ್ನು ಸುಮ್ಮನೆ ಬಿಡಲಾರೆ. ಮಾದರಿ ಎಂದರೆ ಇಲ್ಲಿ, ಅಪಾರ ಪಠ್ಯದಿಂದ ಕಲಿತು ನಮ್ಮ ಪ್ರಶ್ನೆಗೆ ಉತ್ತರ ಬರೆಯುವ ಕಂಪ್ಯೂಟರ್ ಪ್ರೋಗ್ರಾಂ. ಯಂತ್ರ ಎಂದರೂ ಅದೇ.

ಪ್ರಶ್ನೆ: ಒಂದು ಮಾದರಿ 57 ವಿಷಯಗಳ ಪರೀಕ್ಷೆಯಲ್ಲಿ ನೂರಕ್ಕೆ ತೊಂಬತ್ತರ ಹತ್ತಿರ ಅಂಕ ಪಡೆದಿದೆಯಂತೆ. ಹಾಗಾದರೆ ಎಲ್ಲ ಶಾಸ್ತ್ರಗಳಲ್ಲೂ ಅದರ ತರ್ಕವನ್ನು ನಂಬಬಹುದಲ್ಲವೇ? ನಮ್ಮ ಕಾಲೇಜಿನಲ್ಲೇ ಅದನ್ನು ಪರೀಕ್ಷಿಸುವುದು ಹೇಗೆ? (ಉಪನ್ಯಾಸಕರು, ರಾಯಚೂರು)

ನಂಬಬಾರದು. ತಾವು ಹೇಳುತ್ತಿರುವುದು 2020ರಲ್ಲಿ ಬಂದ ಎಂಎಂಎಲ್‌ಯು ಪರೀಕ್ಷೆ. ಅದರ ಪ್ರತಿ ಪ್ರಶ್ನೆಗೂ ನಾಲ್ಕು ಆಯ್ಕೆಗಳಿರುವುದರಿಂದ ಕಣ್ಣು ಮುಚ್ಚಿ ಗುರುತು ಹಾಕಿದರೂ ನೂರಕ್ಕೆ ಸುಮಾರು 25 ಅಂಕ ಬರುತ್ತದೆ. ಆ ಪ್ರಶ್ನೆಗಳು ವರ್ಷಗಳಿಂದ ಅಂತರ್ಜಾಲದಲ್ಲಿ ಬಿದ್ದಿವೆ. ಮಾದರಿ ಕಲಿತ ಪಠ್ಯದೊಳಗೆ ಅವು ಉತ್ತರ ಸಮೇತ ಸೇರಿಕೊಂಡಿರಬಹುದು. ಪ್ರಶ್ನೆಪತ್ರಿಕೆಯನ್ನು ಮೊದಲೇ ಕಂಡ ವಿದ್ಯಾರ್ಥಿಯ ಅಂಕವನ್ನು ನಾವು ಒಪ್ಪುವುದಿಲ್ಲ, ಯಂತ್ರದ ಅಂಕವನ್ನು ಮಾತ್ರ ಏಕೆ ಒಪ್ಪಬೇಕು? 2023ರಲ್ಲಿ ಜಿಪಿಕ್ಯೂಎ ಎಂಬ ಇನ್ನಷ್ಟು ಕಠಿಣ ಪರೀಕ್ಷೆ ಬಂತು. ಜೀವಶಾಸ್ತ್ರ, ಭೌತಶಾಸ್ತ್ರ, ರಸಾಯನಶಾಸ್ತ್ರಗಳ 448 ಪ್ರಶ್ನೆಗಳ ಆ ಪರೀಕ್ಷೆಯಲ್ಲಿ ಆಯಾ ವಿಷಯದ ತಜ್ಞರೇ ನೂರಕ್ಕೆ ಸುಮಾರು 65 ಸರಿ ಬರೆದರೆ, ಬೇರೆ ವಿಷಯದ ತಜ್ಞರು ಅಂತರ್ಜಾಲ ಹುಡುಕಿಯೂ 34ಕ್ಕೆ ನಿಂತರು. ಪ್ರಶ್ನೆ ಕಠಿಣವಾದರೂ ಅದೂ ನಾಲ್ಕು ಆಯ್ಕೆಯದ್ದೇ, ಮತ್ತು ಅದರಲ್ಲಿ ಇತಿಹಾಸವಾಗಲಿ ಕಾನೂನಾಗಲಿ ಇಲ್ಲವೇ ಇಲ್ಲ.

ಆದ್ದರಿಂದ ಪ್ರಶ್ನೆಗಳನ್ನು ತಾವೇ ಹೊಸದಾಗಿ ಬರೆಯಿರಿ. ಗಣಿತಕ್ಕೆ ಒಂದು ಉದಾಹರಣೆ: ಸಿಂಧನೂರಿನ ರೈತರೊಬ್ಬರು ಮೊದಲ ದಿನ 40 ಚೀಲ, ಎರಡನೇ ದಿನ 55 ಚೀಲ, ಮೂರನೇ ದಿನ ಮೊದಲ ದಿನದ ಎರಡರಷ್ಟು ಚೀಲ ಭತ್ತ ತುಂಬಿದರು, ಅವುಗಳಲ್ಲಿ 5 ಚೀಲದ ಭತ್ತಕ್ಕೆ ತೇವ ಹೆಚ್ಚಿತ್ತು, ಒಟ್ಟು ಎಷ್ಟು ಚೀಲ? ಉತ್ತರ 175. ತೇವದ ಮಾತು ಲೆಕ್ಕಕ್ಕೆ ಸೇರಿದ್ದಲ್ಲ. ಯಂತ್ರ 170 ಎಂದರೆ, ಅದು ಅರ್ಥವನ್ನು ನೋಡದೆ ಕಂಡ ಅಂಕಿಯನ್ನೆಲ್ಲ ಕೂಡಿಸಿ ಕಳೆದಿದೆ ಎಂದು ತಿಳಿಯಿರಿ. ಆ್ಯಪಲ್ ಸಂಸ್ಥೆಯ ಸಂಶೋಧಕರು 2024ರಲ್ಲಿ ಶಾಲಾ ಗಣಿತದ ಲೆಕ್ಕಗಳಿಗೆ ಇಂಥದೇ ಸಂಬಂಧವಿಲ್ಲದ ವಾಕ್ಯ ಸೇರಿಸಿದಾಗ ಅನೇಕ ಮಾದರಿಗಳ ಅಂಕ ತೀವ್ರವಾಗಿ ಕುಸಿಯಿತು. ಅಂಕಿಗಳನ್ನಷ್ಟೇ ಬದಲಿಸಿದಾಗಲೂ ಇಳಿಯಿತು.

ಇತಿಹಾಸಕ್ಕೆ ಈ ಅಳತೆ ಸಾಲದು. ನಮ್ಮ ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ದೊರೆತ ಅಶೋಕನ ಶಾಸನ ಪ್ರಾಕೃತ ಭಾಷೆಯಲ್ಲಿ, ಬ್ರಾಹ್ಮಿ ಲಿಪಿಯಲ್ಲಿದೆ. ಅದನ್ನು ಅಶೋಕನು ಸಂಸ್ಕೃತದಲ್ಲಿ ಬರೆಸಿದ್ದಕ್ಕೆ ಮೂರು ಕಾರಣ ಕೊಡಿ ಎಂದು ಕೇಳಿ ನೋಡಿ. ಪ್ರಶ್ನೆಯೇ ತಪ್ಪು ಎನ್ನದೆ ಮೂರು ಕಾರಣ ಕೊಟ್ಟರೆ ಸೊನ್ನೆ ಹಾಕಿ. ಬಳಿಕ ಮುಖ್ಯ ಪ್ರಶ್ನೆ ಕೇಳಿ: ಅಲ್ಲಿಯವರೆಗೆ ದೊರೆತಿದ್ದ ಶಾಸನಗಳಲ್ಲಿ ದೇವಾನಾಂಪ್ರಿಯ ಎಂಬ ಬಿರುದು ಕಾಣುತ್ತಿದ್ದಾಗ, ಈ ಬಂಡೆಯ ಮೇಲಿನ ಅಶೋಕ ಎಂಬ ಹೆಸರು ಏನನ್ನು ಖಚಿತಪಡಿಸಿತು, ಏನನ್ನು ಇನ್ನೂ ಖಚಿತಪಡಿಸಲಿಲ್ಲ? ಆಧಾರದಿಂದ ತೀರ್ಮಾನಕ್ಕೆ ಹೋಗುವ ದಾರಿಗೆ ಅಂಕ ಕೊಡಿ, ತೀರ್ಮಾನಕ್ಕೆ ಬೇರೆ ಅಂಕ ಕೊಡಿ. ಉತ್ತರ ಯಾವ ಮಾದರಿಯದು ಎಂದು ತಿಳಿಸದೆ ಇಬ್ಬರು ಅಧ್ಯಾಪಕರಿಂದ ಪ್ರತ್ಯೇಕವಾಗಿ ಮೌಲ್ಯಮಾಪನ ಮಾಡಿಸಿ. ಪ್ರತಿ ಪ್ರಶ್ನೆಯನ್ನೂ ಹೊಸದಾಗಿ ಐದು ಬಾರಿ ಕೇಳಿ, ಏಕೆಂದರೆ ಅದೇ ಮಾದರಿ ಅದೇ ಪ್ರಶ್ನೆಗೆ ಬೇರೆ ಬೇರೆ ಉತ್ತರ ಕೊಡುವುದುಂಟು. ಇಪ್ಪತ್ತು ಪ್ರಶ್ನೆಗಳಲ್ಲಿ ಒಂದು ಮಾದರಿಗೆ 17, ಇನ್ನೊಂದು ಮಾದರಿಗೆ 15 ಬಂದರೆ ಮೊದಲನೆಯದೇ ಜಾಣ ಎಂದು ವರದಿ ಬರೆಯಬೇಡಿ. ಅಷ್ಟು ವ್ಯತ್ಯಾಸ ಆಕಸ್ಮಿಕವಾಗಿಯೂ ಬರುತ್ತದೆ. ವಿಷಯವಾರು ಅಂಕಗಳನ್ನು ಸರಾಸರಿ ಮಾಡಿ ಒಂದೇ ಅಂಕಿಯಾಗಿಸುವುದಂತೂ ಬೇಡ.

ಪ್ರಶ್ನೆ: ಹಂತ ಹಂತವಾಗಿ ವಿವರಿಸು ಎಂದರೆ ಅದರ ನಿಜವಾದ ಯೋಚನೆ ತಿಳಿಯುತ್ತದೆಯೇ? (ಹೊಸಪೇಟೆ ರಸ್ತೆ, ಬಳ್ಳಾರಿ)

ಹಾಗೆ ಕೇಳಿದರೆ ಲೆಕ್ಕಗಳಲ್ಲಿ ಉತ್ತರ ಸುಧಾರಿಸುವುದು ನಿಜ. ಆದರೆ 2023ರ ಒಂದು ಅಧ್ಯಯನದಲ್ಲಿ, ಉದಾಹರಣೆಯಾಗಿ ಕೊಟ್ಟ ಪ್ರಶ್ನೆಗಳಲ್ಲೆಲ್ಲ ಮೊದಲ ಆಯ್ಕೆಯೇ ಸರಿಯಾಗುವಂತೆ ಜೋಡಿಸಿದಾಗ ಯಂತ್ರಗಳು ಆ ಆಯ್ಕೆಯತ್ತಲೇ ವಾಲಿದವು, ವಿವರಣೆಯಲ್ಲಿ ಮಾತ್ರ ಆ ಕಾರಣವನ್ನು ಹೇಳಲಿಲ್ಲ.

ಪ್ರಶ್ನೆ: ಉತ್ತರ ಸರಿಯೇ ಎಂದು ಅದನ್ನೇ ಕೇಳಿದರೆ ಸಾಲದೇ? (ವಿದ್ಯಾರ್ಥಿ, ಕೊಪ್ಪಳ)

ಸಾಲದು, ಸರಿಯಾದ ಉತ್ತರವನ್ನೂ ಕ್ಷಮೆ ಕೇಳಿ ಬದಲಿಸಿಬಿಡುವುದುಂಟು.

ಪ್ರಶ್ನೆ: ಎಂದೂ ತಪ್ಪದ ಎಐ ನಮ್ಮಲ್ಲಿದೆ ಎಂದು ಕೋಚಿಂಗ್ ಕೇಂದ್ರವೊಂದು ಹೆಚ್ಚುವರಿ ಶುಲ್ಕ ಕೇಳುತ್ತಿದೆ. ಕೊಡಬಹುದೇ? (ಪೋಷಕರು, ಬಳ್ಳಾರಿ)

ಒಂದು ರೂಪಾಯಿಯನ್ನೂ ಕೊಡಬೇಡಿ. ಎಂದೂ ತಪ್ಪದ ಮಾದರಿ ಎಲ್ಲಿಯೂ ಇಲ್ಲ, ಇದೆ ಎನ್ನುವವರು ಮಕ್ಕಳ ಭವಿಷ್ಯದ ಹೆಸರಿನಲ್ಲಿ ವಂಚಿಸುತ್ತಿದ್ದಾರೆ.

ಪ್ರಶ್ನೆ: ಕನ್ನಡದಲ್ಲಿ ಕೇಳಿದರೂ ಅಷ್ಟೇ ಸರಿಯಾಗಿ ಉತ್ತರಿಸುತ್ತದೆಯೇ? ಬೆಳೆಯ ವಿಷಯ ಕೇಳಬೇಕಿತ್ತು. (ರೈತರು, ಸಿಂಧನೂರು)

ಮೇಲೆ ಹೇಳಿದ ಪರೀಕ್ಷೆಗಳು ಇಂಗ್ಲಿಷಿನವು, ಕನ್ನಡದ ಬಗ್ಗೆ ಅವು ಏನನ್ನೂ ಹೇಳುವುದಿಲ್ಲ. ಉತ್ತರ ಗೊತ್ತಿರುವ ಹತ್ತು ಪ್ರಶ್ನೆಗಳನ್ನು ಎರಡೂ ಭಾಷೆಗಳಲ್ಲಿ ಕೇಳಿ ಹೋಲಿಸಿ. ಕೀಟನಾಶಕದ ಪ್ರಮಾಣವನ್ನು ಮಾತ್ರ ಯಾವ ಭಾಷೆಯಲ್ಲೂ ಕೇಳಬೇಡಿ. ಡಬ್ಬಿಯ ಮೇಲಿನ ಚೀಟಿ ಓದಿ, ಅನುಮಾನವಿದ್ದರೆ ಡಬ್ಬಿಯನ್ನೇ ಹಿಡಿದುಕೊಂಡು ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ.