ಹಳೇ ಸ್ಪ್ಯಾನರ್ ಮೇಲೆ ರೈಲ್ವೆ ಅಕ್ಷರಗಳಿವೆ, ಎಷ್ಟು ಹಳೆಯದು ಅಂತ ತಿಳಿಯುವುದು ಹೇಗೆ?

ನಿಮ್ಮ ಅಮೆರಿಕನ್ ಸ್ಪ್ಯಾನರ್ ಮೇಲೆ 'ಸಿ.ಬಿ. ಅಂಡ್ ಕ್ಯೂ.' ಅಂತ ಇದೆ, ಯಾರು ಮಾಡಿದ್ದು, ಯಾವ ಕಾಲದ್ದು ಅಂತ ಕೇಳಿದ್ದೀರಿ. ಆ ಅಕ್ಷರಗಳು ಮಾಡಿದವರದ್ದಲ್ಲ, ಮಾಲೀಕರದ್ದು. ಶಿಕಾಗೊ, ಬರ್ಲಿಂಗ್ಟನ್ ಅಂಡ್ ಕ್ವಿನ್ಸಿ ರೈಲ್ವೆಯವರು 'ಈ ಸಾಮಾನು ನಮ್ಮದು' ಅಂತ ಹಾಕಿಸಿದ ಗುರುತು ಅದು. 1970ರಲ್ಲಿ ಆ ಕಂಪನಿ ಬರ್ಲಿಂಗ್ಟನ್ ನಾರ್ದರ್ನ್‌ನಲ್ಲಿ ಸೇರಿಹೋಯಿತು, ಹಾಗಾಗಿ ಗುರುತು ಅದಕ್ಕಿಂತ ಹಿಂದಿನದು. ಅದರಿಂದ ಅಷ್ಟೇ ಗೊತ್ತಾಗುವುದು.

ನಿಜವಾದ ವಯಸ್ಸು ಬೇಕಾದರೆ ತಯಾರಕರನ್ನು ಹುಡುಕಬೇಕು. ಹಿಡಿಯ ಎರಡೂ ಮುಖ ನೋಡಿ. ಬ್ರೂಕ್ಲಿನ್‌ನ ಜೆ.ಎಚ್. ವಿಲಿಯಮ್ಸ್, ಹಾರ್ಟ್‌ಫರ್ಡ್‌ನ ಬಿಲ್ಲಿಂಗ್ಸ್ ಅಂಡ್ ಸ್ಪೆನ್ಸರ್, ಮಂಕಿ ರೆಂಚ್ (ಬಾಯಿಯನ್ನು ದೊಡ್ಡದು ಚಿಕ್ಕದು ಮಾಡಬಹುದಾದ ಸ್ಪ್ಯಾನರ್) ಆದರೆ ವುಸ್ಟರ್‌ನ ಕೋಸ್, ಇಂಥ ಹೆಸರುಗಳು ಸಿಗಬಹುದು. ನಾನಂತೂ ಮೊದಲು ಹುಡುಕುವುದು ಪೇಟೆಂಟ್ ತಾರೀಖು. ಅದರ ವರ್ಷದಲ್ಲಿ ಒಂದು ಅಂಕಿ ಸವೆದುಹೋಗಿದ್ದರೂ ದಾರಿ ಇದೆ: ಅಮೆರಿಕದಲ್ಲಿ ಪೇಟೆಂಟ್ ಕೊಡುವುದು ಮಂಗಳವಾರ, ಆ ತಾರೀಖು ಯಾವ ವರ್ಷ ಮಂಗಳವಾರ ಬಿದ್ದಿತ್ತು ಅಂತ ಕ್ಯಾಲೆಂಡರ್‌ನಲ್ಲಿ ನೋಡಿದರೆ ಸಾಧ್ಯತೆಗಳು ಒಂದೆರಡಕ್ಕೆ ಇಳಿಯುತ್ತವೆ. ಆಮೇಲೆ ಹಳೇ ಉಪಕರಣಗಳ ಪೇಟೆಂಟ್ ಪಟ್ಟಿ ಇರುವ ಡೇಟಾಂಪ್ ಜಾಲತಾಣದಲ್ಲಿ ಹುಡುಕಿ. ಆದರೆ ಅದೇ ತಾರೀಖನ್ನು ಎಷ್ಟೋ ವರ್ಷ ಒತ್ತುತ್ತಲೇ ಇರುತ್ತಿದ್ದರು, ಅದನ್ನೇ ತಯಾರಾದ ವರ್ಷ ಅಂದುಕೊಳ್ಳಬೇಡಿ.

3/4 ಅಂತ ಬರೆದಿದೆ, ಬಾಯಿ ಅಳೆದರೆ 1 1/4 ಇಂಚು ಬರುತ್ತಿದೆಯಾ? ತಪ್ಪೇನಿಲ್ಲ. ಹಳಬರು ಬರೆಯುತ್ತಿದ್ದದ್ದು ಬೋಲ್ಟಿನ ದಪ್ಪ. ಆಗಿನ ಯು.ಎಸ್. ಸ್ಟ್ಯಾಂಡರ್ಡ್ ಪ್ರಕಾರ ನಟ್‌ನ ಅಗಲ ಅಂದರೆ ಬೋಲ್ಟಿನ ಒಂದೂವರೆ ಪಟ್ಟು, ಜೊತೆಗೆ 1/8 ಇಂಚು. ಈ ಲೆಕ್ಕ ಕೂಡಿಬಂದರೆ ಹಳೆಯದು ಅನ್ನುವುದಕ್ಕೆ ಒಳ್ಳೆಯ ಸುಳಿವು.

ಹೆಸರೇ ಇಲ್ಲದಿದ್ದರೆ ರೈಲ್ವೆಯ ಸ್ವಂತ ಕಮ್ಮಾರಸಾಲೆಯಲ್ಲಿ ಬಡಿದದ್ದೂ ಇರಬಹುದು.

ನಿಮ್ಮದರಲ್ಲಿ ಗೊಂದಲವಿಲ್ಲ, ಆದರೆ ಇನ್ನೊಂದು ಕೊಳ್ಳುವಾಗ ಹುಷಾರು. ಎರಡು ಅಕ್ಷರದ ಮಧ್ಯೆ 'ಅಂಡ್' ಚಿಹ್ನೆ ಕಂಡ ಕೂಡಲೇ 'ರೈಲ್ವೆ' ಅಂತ ಬರೆದು ರೇಟು ಏರಿಸುವವರು ಜಾಸ್ತಿ. 'ಪಿ ಅಂಡ್ ಓ' ಅಂದರೆ ಇಲಿನಾಯ್‌ನ ಕ್ಯಾಂಟನ್‌ನಲ್ಲಿ ನೇಗಿಲು ಮಾಡುತ್ತಿದ್ದ ಪಾರ್ಲಿನ್ ಅಂಡ್ ಓರೆನ್‌ಡಾರ್ಫ್, 'ಬಿ ಅಂಡ್ ಸಿ' ಅಂದರೆ ಸ್ಪ್ರಿಂಗ್‌ಫೀಲ್ಡ್‌ನ ಬೆಮಿಸ್ ಅಂಡ್ ಕಾಲ್. ಎರಡಕ್ಕೂ ಹಳಿಗೂ ಸಂಬಂಧವಿಲ್ಲ, ಅಲ್ವಾ? ಹಾಗೇ, ಸುತ್ತಲಿನ ಲೋಹವೆಲ್ಲ ತುಕ್ಕಿನ ಗುಳಿ ಬಿದ್ದಿದ್ದು ಅಕ್ಷರಗಳು ಮಾತ್ರ ಚೂಪಾಗಿದ್ದರೆ, ಯಾರೋ ಮೊನ್ನೆ ಮೊನ್ನೆ ಒತ್ತಿದ್ದಾರೆ ಅಂತಲೇ ಅನುಮಾನಪಡಿ.

ದಯವಿಟ್ಟು ಗ್ರೈಂಡರ್‌ಗೆ ವೈರ್ ಬ್ರಷ್ ಹಾಕಿ ಉಜ್ಜಬೇಡಿ, ಇರುವ ಸಣ್ಣ ಗುರುತೂ ಹೋಗುತ್ತದೆ. ಎಣ್ಣೆ ಸವರಿ ಒಂದು ದಿನ ಬಿಡಿ, ಮೆತ್ತನೆ ಬ್ರಷ್‌ನಲ್ಲಿ ತಿಕ್ಕಿ ಒರೆಸಿ, ಕತ್ತಲಲ್ಲಿ ಟಾರ್ಚನ್ನು ಪಕ್ಕದಿಂದ ಬಿಟ್ಟು ನೋಡಿ. ಇಲ್ಲವೇ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿ. ಏನಾದರೂ ಕಂಡರೆ ಎರಡೂ ಮುಖದ ಫೋಟೋ, ಉದ್ದ, ಬಾಯಿಯ ಅಳತೆ ಇಲ್ಲಿ ಹಾಕಿ, ಮುಂದೆ ಹುಡುಕೋಣ.