ಪಂಚಮಿಗೆ ತವರಿಗೆ ಹೊರಟಾಗ ಹೈವೇ ಬಂದ್ ಆದರೆ?

ಓದುಗರ ಪ್ರಶ್ನೆಗೆ ತಜ್ಞರ ಉತ್ತರ

(ಈ ಸಲ ಉತ್ತರಿಸಿದವರು ಪುಣೆಯಲ್ಲಿ ಇಪ್ಪತ್ತು ವರ್ಷಗಳಿಂದ ಕುಟುಂಬ ಪ್ರವಾಸಗಳಿಗೆ ಗಾಡಿ ಮತ್ತು ದಾರಿಯ ವ್ಯವಸ್ಥೆ ಮಾಡುತ್ತಿರುವ ಕನ್ನಡಿಗರು.)

ಪ್ರಶ್ನೆ: ನಮಸ್ಕಾರ ಸರ್. ನಾವು ಪುಣೆಯ ಕೋಥ್ರೂಡ್‌ನಲ್ಲಿದ್ದೇವೆ. ನನ್ನ ತವರು ಧಾರವಾಡ. ಈ ಸಲ ನಾಗರ ಪಂಚಮಿಗೆ ನಾನು, ನಮ್ಮ ಮನೆಯವರು, ನಾಲ್ಕು ಮತ್ತು ಹನ್ನೊಂದು ವರ್ಷದ ಇಬ್ಬರು ಮಕ್ಕಳು, ಎಪ್ಪತ್ತೆರಡು ವರ್ಷದ ನಮ್ಮ ಅತ್ತೆ, ಎಲ್ಲರೂ ಕಾರಿನಲ್ಲಿ ಹೋಗಬೇಕೆಂದಿದ್ದೇವೆ. ಅತ್ತೆಗೆ ಸಕ್ಕರೆ ಕಾಯಿಲೆ, ದಿನಾ ಇನ್ಸುಲಿನ್ ಬೇಕು. 2019ರಲ್ಲಿ ಕೊಲ್ಹಾಪುರದ ಹತ್ತಿರ ಹೈವೇ ಮುಚ್ಚಿದ್ದರಿಂದ ಹೋಗೋಕೇ ಆಗಲಿಲ್ಲ. ಈ ಸಲವೂ ಮಳೆ ಜೋರಾದರೆ ಯಾವ ದಾರಿ ಹಿಡಿಯಬೇಕು? ಮ್ಯಾಪ್ ನೋಡಿದರೆ ಸಾಂಗ್ಲಿ, ಮಿರಜ್ ಮೇಲೆ ಹೋಗಬಹುದು ಅಂತ ಅನಿಸುತ್ತದೆ. ಅದು ಸರಿನಾ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಅಪಾಯ ಇರುವುದು ಅಲ್ಲೇ. ಕೊಲ್ಹಾಪುರದಲ್ಲಿ ನೀರು ಬಂದಿದೆ ಅಂತ ಸಾಂಗ್ಲಿ ಕಡೆ ತಿರುಗಬೇಡಿ. ಕೊಲ್ಹಾಪುರದ ನದಿ ಪಂಚಗಂಗೆ ನರಸೋಬವಾಡಿಯಲ್ಲಿ ಹೋಗಿ ಸೇರುವುದು ಕೃಷ್ಣೆಗೆ. ಸಾಂಗ್ಲಿ ಇರುವುದು ಅದೇ ಕೃಷ್ಣೆಯ ದಂಡೆಯ ಮೇಲೆ. 2019ರಲ್ಲೂ 2021ರಲ್ಲೂ ಎರಡೂ ಊರುಗಳಿಗೆ ಒಟ್ಟಿಗೇ ನೀರು ನುಗ್ಗಿತು. ಮಿರಜ್ ದಾಟಿ ಚಿಕ್ಕೋಡಿ, ರಾಯಬಾಗ ಕಡೆ ಬಂದರೆ ಕೃಷ್ಣೆ, ದೂಧಗಂಗೆ, ವೇದಗಂಗೆಗಳ ಮೇಲಿನ ತಗ್ಗು ಸೇತುವೆಗಳು. ಮಳೆಗಾಲದಲ್ಲಿ ಮೊದಲು ನೀರಿನಡಿ ಹೋಗುವುದೇ ಅವು. ಗಾಡಿಗಳು ಎಲ್ಲಿ ನಿಧಾನವಾಗಿವೆ ಎನ್ನುವುದು ಮ್ಯಾಪ್‌ಗೆ ಗೊತ್ತು, ಸೇತುವೆಯ ಮೇಲೆ ಎಷ್ಟು ನೀರಿದೆ ಎನ್ನುವುದು ಗೊತ್ತಿಲ್ಲ. ಯಾರೂ ಹೋಗದ ರಸ್ತೆ ಅದರಲ್ಲಿ ಖಾಲಿ ರಸ್ತೆ ಅಂತಲೇ ಕಾಣಬಹುದು.

ಇನ್ನು ಧೈರ್ಯ ಕೊಡುವ ಮಾತು. ಗುಡ್ಡ ಕುಸಿದರೆ ದಾರಿ ಒಂದು ನಿಮಿಷದಲ್ಲಿ ಹೋಗುತ್ತದೆ. ಪಂಚಗಂಗೆ ಹಾಗಲ್ಲ, ಹೇಳಿಯೇ ಬರುತ್ತದೆ. ಕಾಸಾರಿ, ಕುಂಭಿ, ತುಳಸಿ, ಭೋಗಾವತಿ ನದಿಗಳ ನೀರು ಘಟ್ಟದಿಂದ ಇಳಿದು ಪಂಚಗಂಗೆಯಾಗಿ ಕೊಲ್ಹಾಪುರದ ಪಕ್ಕ ಶಿರೋಲಿ ಹತ್ತಿರದ ಹೈವೇಗೆ ಬರಲು ಸಮಯ ಬೇಕು. ಹಾಗಾಗಿ ಕೊಲ್ಹಾಪುರ ಪೇಟೆಯಲ್ಲಿ ಬಿಸಿಲಿದೆಯಾ ಅಂತ ಕೇಳಿ ಪ್ರಯೋಜನವಿಲ್ಲ. ಗಗನಬಾವಡಾ ಮತ್ತು ರಾಧಾನಗರಿಯಲ್ಲಿ ಎಷ್ಟು ಮಳೆ ಬಿತ್ತು ಅಂತ ನೋಡಬೇಕು. ರಾಧಾನಗರಿ ಅಣೆಕಟ್ಟಿನಲ್ಲಿ ತಾವಾಗಿಯೇ ತೆರೆಯುವ ಏಳು ಗೇಟುಗಳಿವೆ. ಅವು ಒಂದೊಂದಾಗಿ ತೆರೆದ ಸುದ್ದಿ ಬಂದರೆ ಎಚ್ಚರಾಗಿ.

ಕೊಲ್ಹಾಪುರದವರು ಮಳೆಗಾಲದಲ್ಲಿ ಒಬ್ಬರನ್ನೊಬ್ಬರು ಕೇಳುವುದು ಒಂದೇ ಮಾತು: ರಾಜಾರಾಮ್ ಬಂಧಾರಾದಲ್ಲಿ ಎಷ್ಟು ಫೂಟು? ಅದು ಪಂಚಗಂಗೆಗೆ ಕಟ್ಟಿದ ಒಡ್ಡು. ಅಲ್ಲಿ ನೀರು 39 ಅಡಿ ಎಂದರೆ ಎಚ್ಚರಿಕೆಯ ಮಟ್ಟ, 43 ಅಡಿ ಎಂದರೆ ಅಪಾಯದ ಮಟ್ಟ. 2019ರಲ್ಲಿ ಅದು 55 ಅಡಿ ದಾಟಿತ್ತು. ಆ ವರ್ಷ ಪಂಚಮಿ ಬಂದದ್ದು ಆಗಸ್ಟ್ 5ಕ್ಕೆ. ಅದರ ಬೆನ್ನಿಗೇ ಹೈವೇ ಹೆಚ್ಚು ಕಡಿಮೆ ಒಂದು ವಾರ ಬಂದ್ ಆಯಿತು, ಸಾವಿರಾರು ಲಾರಿ ನಿಂತವು. ನೀವು ಆಗ ಹೊರಡದೆ ಇದ್ದದ್ದು ಒಳ್ಳೆಯದೇ ಆಯಿತು.

ನಾನು ಪಾಲಿಸುವ ಲೆಕ್ಕ ಹೀಗಿದೆ. ಹೊರಡುವ ಎರಡು ದಿನ ಮುಂಚೆ ಮಟ್ಟ 39ಕ್ಕಿಂತ ಸಾಕಷ್ಟು ಕೆಳಗಿದ್ದು, ಘಟ್ಟದಲ್ಲಿ ಮಳೆ ಸಾಧಾರಣವಾಗಿದ್ದರೆ ಯಾವಾಗಿನ ದಾರಿಯೇ ಸಾಕು: ಸಾತಾರಾ, ಕರಾಡ್, ಕೊಲ್ಹಾಪುರ, ನಿಪ್ಪಾಣಿ, ಬೆಳಗಾವಿ. ಮಟ್ಟ 39 ಮುಟ್ಟಿದೆ, ಇನ್ನೂ ಏರುತ್ತಿದೆ ಎಂದರೆ ಆ ದಾರಿಯ ಆಸೆ ಬಿಡಿ. ಆಗಲೂ ಹೈವೇ ತೆರೆದೇ ಇರುತ್ತದೆ, ಪಕ್ಕದ ಮನೆಯವರು ಆರಾಮಾಗಿ ದಾಟಿ ಹೋದೆವು ಅಂತ ಫೋನೂ ಮಾಡುತ್ತಾರೆ. ಅವರು ದಾಟಿದ್ದು ಅವತ್ತು, ನೀವು ದಾಟಬೇಕಾದ್ದು ನಾಡಿದ್ದು. ಇಳಿಯುವಾಗಲೂ ಹೀಗೆಯೇ. ಮಳೆ ನಿಂತ ಕೂಡಲೇ ರಸ್ತೆ ತೆರೆಯುವುದಿಲ್ಲ. ಮುಂದೆ ಕೃಷ್ಣೆಯೇ ತುಂಬಿರುವಾಗ ಪಂಚಗಂಗೆಯ ನೀರು ಬೇಗ ಸರಿಯುವುದಿಲ್ಲ. ನಿಪ್ಪಾಣಿಯ ಹತ್ತಿರ ಯಮಗರ್ಣಿಯಲ್ಲೂ ವೇದಗಂಗೆ ಹೈವೇಗೆ ಬಂದದ್ದುಂಟು. ಶಿರೋಲಿ ತೆರೆಯಿತು ಅಂದ ಮಾತ್ರಕ್ಕೆ ಇಡೀ ದಾರಿ ತೆರೆಯಿತು ಅಂತ ಅಲ್ಲ.

ಬದಲಿ ದಾರಿ ಸೊಲ್ಲಾಪುರದ್ದು. ಪುಣೆಯಿಂದ ಸೊಲ್ಲಾಪುರ ಸುಮಾರು 250 ಕಿ.ಮೀ., ಅಲ್ಲಿಂದ ವಿಜಯಪುರ 100, ವಿಜಯಪುರದಿಂದ ಹುಬ್ಬಳ್ಳಿ 200ರ ಆಸುಪಾಸು. ಕೊಲ್ಹಾಪುರದ ಮೇಲೆ ಧಾರವಾಡ 400 ಚಿಲ್ಲರೆ ಕಿ.ಮೀ. ಆಗುವಲ್ಲಿ ಇದು 550ಕ್ಕೂ ಜಾಸ್ತಿ. ಅದಕ್ಕೇ ತೀರ್ಮಾನ ಮನೆಯಲ್ಲೇ ಆಗಬೇಕು. ಕೊಲ್ಹಾಪುರ ದಾರಿಯ ಕಾತ್ರಜ್ ಕಡೆ ತಿರುಗಿದ ಮೇಲೆ ಸೊಲ್ಲಾಪುರ ದಾರಿಯ ಹಡಪ್ಸರ್ ಕಡೆ ಹೋಗಬೇಕಿತ್ತು ಅಂದುಕೊಂಡರೆ ಅರ್ಧ ದಿನ ಹೋಯಿತು.

ನಾಲ್ಕು ವರ್ಷದ ಮಗು ಮತ್ತು ನಿಮ್ಮ ಅತ್ತೆಯವರ ಜೊತೆ ಇಷ್ಟು ದೂರವನ್ನು ಒಂದೇ ದಿನದಲ್ಲಿ ಮಾಡಬೇಡಿ. ವಿಜಯಪುರದಲ್ಲಿ ರಾತ್ರಿ ಉಳಿಯಿರಿ. ರೂಮು ಮೊದಲೇ ಹಿಡಿದಿಡಿ, ಯಾಕೆಂದರೆ ಹೈವೇ ಬಂದ್ ಆದ ದಿನ ಎಲ್ಲರೂ ಅಲ್ಲಿಗೇ ಬರುತ್ತಾರೆ. ಮರುದಿನ ಬೆಳಿಗ್ಗೆ ದೊಡ್ಡ ಮಗುವಿಗೆ ಗೋಳಗುಮ್ಮಟ ತೋರಿಸಿ. ಮೇಲಿನ ಗ್ಯಾಲರಿಯಲ್ಲಿ ಈಚೆ ಪಿಸುಗುಟ್ಟಿದ್ದು ಆಚೆ ಕಡೆ ಕೇಳಿದರೆ ಆ ಮಗು ದಾರಿ ದೂರವಾದದ್ದನ್ನು ಮರೆತೇಬಿಡುತ್ತದೆ. ಮೆಟ್ಟಿಲು ಕಡಿದು, ಇಕ್ಕಟ್ಟು. ಅತ್ತೆಯವರು ಕೆಳಗೆ ತೋಟದಲ್ಲಿ ಕೂತಿರಲಿ, ಜನ ಜಾಸ್ತಿ ಆಗುವ ಮೊದಲೇ ನೀವು ಹತ್ತಿ ಇಳಿಯಿರಿ.

ಈ ದಾರಿಯಲ್ಲೂ ಒಂದು ಕಡೆ ಕಣ್ಣಿಡಬೇಕು. ಕೊಲ್ಹಾರದ ಹತ್ತಿರ ಕೃಷ್ಣೆ ದಾಟುವುದು ತೊಂದರೆಯಲ್ಲ, ಸೇತುವೆ ಎತ್ತರದಲ್ಲಿದೆ. ಮುಂದೆ ನರಗುಂದ ತಾಲೂಕಿನ ಕೊಣ್ಣೂರಿನಲ್ಲಿ ಮಲಪ್ರಭೆ ಇದೆ. 2019ರಲ್ಲಿ ಅಲ್ಲೂ ನೀರು ಬಂದು ವಿಜಯಪುರ–ಹುಬ್ಬಳ್ಳಿ ರಸ್ತೆ ನಿಂತಿತ್ತು. ಸವದತ್ತಿಯ ನವಿಲುತೀರ್ಥ ಅಣೆಕಟ್ಟಿನಿಂದ ಜಾಸ್ತಿ ನೀರು ಬಿಡುತ್ತಿದ್ದಾರೆಯೇ ಅಂತ ಧಾರವಾಡದ ನಿಮ್ಮ ಅಣ್ಣ ತಮ್ಮಂದಿರಿಗೆ ನೋಡಲು ಹೇಳಿ. ಎರಡೂ ಕಡೆ ನೀರಿದ್ದರೆ ಮನೆಯಿಂದಲೇ ಹೊರಡಬೇಡಿ.

ನಿಮ್ಮ ಹಾಗೆ ಎಚ್ಚರ ಇರದೆ ಆಗಲೇ ಸಾತಾರಾ ದಾಟಿದವರಿಗೆ ಒಂದು ಮಾತು. ಮನಸ್ಸು ಬದಲಿಸಲು ಕೊನೆಯ ಜಾಗ ಕರಾಡ್. ಅಲ್ಲಿಂದ ಗುಹಾಗರ್–ವಿಜಯಪುರ ರಸ್ತೆ ಪೂರ್ವಕ್ಕೆ ವಿಟಾ, ಜತ್ತ ಮೇಲೆ ಹೋಗುತ್ತದೆ. ಒಮ್ಮೆ ಕೃಷ್ಣೆಯ ದಂಡೆ ಬಿಟ್ಟರೆ ಅದು ಮಳೆ ಕಡಿಮೆ ಬೀಳುವ ಬರದ ನಾಡು. ಕರಾಡ್ ದಾಟಿ, ನೋಡೋಣ, ಕೊಲ್ಹಾಪುರಕ್ಕೆ ಹೋದ ಮೇಲೆ ನೋಡೋಣ ಅಂದವರೇ ಸಿಕ್ಕಿಬೀಳುವುದು. 2019ರಲ್ಲಿ ನಾನು ಕಳಿಸಿದ ಒಂದು ಟೆಂಪೋ ಟ್ರಾವೆಲರ್‌ನ ಡ್ರೈವರ್ ಕರಾಡ್‌ನಿಂದ ಫೋನ್ ಮಾಡಿ ಏನು ಮಾಡಲಿ ಅಂತ ಕೇಳಿದ್ದ. ಮುಂದೆ ಹೋಗು ಅಂದವನು ನಾನೇ. ಹದಿಮೂರು ಜನ ಎರಡು ರಾತ್ರಿ ಒಂದು ಮಂಗಲ ಕಾರ್ಯಾಲಯದ ಜಮಖಾನೆಯ ಮೇಲೆ ಕಳೆದರು. ಆ ಊರಿನವರು ಎರಡೂ ಹೊತ್ತು ಝುಣಕ-ಭಾಕರಿ ಮಾಡಿ ಹಾಕಿದರು, ಕೂಸಿಗೆ ಹಾಲು ತಂದುಕೊಟ್ಟರು. ಆ ಉಪಕಾರ ದೊಡ್ಡದು. ಆದರೆ ಆ ಗಾಡಿಯಲ್ಲಿದ್ದ ಒಬ್ಬ ಅಜ್ಜಿಯ ಮಾತ್ರೆ ಎರಡನೇ ದಿನಕ್ಕೆ ಮುಗಿದಿತ್ತು. ಅದು ನನ್ನ ಮನಸ್ಸಿನಿಂದ ಇವತ್ತಿಗೂ ಹೋಗಿಲ್ಲ.

ಅದಕ್ಕೇ ಔಷಧಿಯ ವಿಷಯದಲ್ಲಿ ಕಟ್ಟುನಿಟ್ಟಾಗಿರಿ. ಎಷ್ಟು ದಿನದ ಪ್ರವಾಸವೋ ಅದರ ಎರಡರಷ್ಟು ದಿನದ ಔಷಧಿ, ಜೊತೆಗೆ ಡಾಕ್ಟರ್ ಚೀಟಿಯ ಪ್ರತಿ. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿ ತಂಪಿನಲ್ಲಿರಬೇಕು, ಐಸ್‌ಗೆ ತಾಗಿ ಹೆಪ್ಪುಗಟ್ಟಬಾರದು. ಬಟ್ಟೆ ಸುತ್ತಿ ಥರ್ಮಸ್ ಡಬ್ಬಿಯಲ್ಲಿಡಿ. ಬಳಸುತ್ತಿರುವ ಬಾಟಲಿ ಸಾಮಾನ್ಯವಾಗಿ ನಾಲ್ಕು ವಾರ ಹೊರಗೆ ಬಾಳುತ್ತದೆ, ಆದರೆ ನಿಂತ ಕಾರಿನ ಬಿಸಿ ತಡೆಯುವುದಿಲ್ಲ. ಅತ್ತೆಯವರ ಡಾಕ್ಟರ್ ಹತ್ತಿರ ಒಮ್ಮೆ ಕೇಳಿಕೊಳ್ಳಿ. ಅವರು ಹೊತ್ತಿಗೆ ಸರಿಯಾಗಿ ಉಣ್ಣಬೇಕು, ಅಲ್ವಾ? ಹೋಟೆಲ್ ಸಿಕ್ಕೀತು ಅಂತ ನೆಚ್ಚಬೇಡಿ. ಕಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡರೆ ಎರಡು ದಿನ ಚಿಂತೆಯಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ, ನನ್ನ ಮನೆಯವರಾಗಿದ್ದರೆ ನಾನು ಕಾರು ಬೇಡ, ರೈಲು ಹಿಡಿಯಿರಿ ಅನ್ನುತ್ತಿದ್ದೆ. ಪುಣೆಯಿಂದ ಮಿರಜ್, ಬೆಳಗಾವಿ ಮೇಲೆ ಧಾರವಾಡಕ್ಕೆ ನೇರ ಗಾಡಿಗಳಿವೆ. 2024ರ ಸೆಪ್ಟೆಂಬರ್‌ನಲ್ಲಿ ಪುಣೆ–ಹುಬ್ಬಳ್ಳಿ ವಂದೇ ಭಾರತ್ ಕೂಡ ಶುರುವಾಯಿತು. ಬುಕಿಂಗ್ 60 ದಿನ ಮುಂಚೆ ತೆರೆಯುತ್ತದೆ, ಹಬ್ಬದ ಸೀಟು ಬೇಗ ಹೋಗುತ್ತದೆ. ಈಗಲೇ ಐದು ಸೀಟು ಹಿಡಿದಿಡಿ. ನೀವು ಬೇಡ ಅಂದರೆ ಸ್ವಲ್ಪ ಹಣ ಕಡಿತ ಆಗುತ್ತದೆ, ರೈಲ್ವೆಯೇ ಗಾಡಿ ರದ್ದು ಮಾಡಿದರೆ ಪೂರ್ತಿ ಹಣ ವಾಪಸ್. ನೆರೆ ಬಂದಾಗ ರೈಲೂ ತಡವಾಗುತ್ತದೆ, ನಿಲ್ಲುವುದೂ ಉಂಟು. ಆದರೆ ನಿಂತ ರೈಲಿನಲ್ಲಿ ಶೌಚಾಲಯ ಇದೆ, ಕಾಲು ಚಾಚಲು ಜಾಗ ಇದೆ. ನಿಂತ ಕಾರಿನಲ್ಲಿ ಎರಡೂ ಇಲ್ಲ.

ಸಾಧ್ಯವಾದರೆ ಮಕ್ಕಳನ್ನು ಕರೆದುಕೊಂಡು ನೀವು ನಾಲ್ಕು ದಿನ ಮುಂಚೆಯೇ ಹೋಗಿಬಿಡಿ, ಮನೆಯವರು ಆಮೇಲೆ ಬರಲಿ. ತವರಿನವರಿಗೆ ಮೊದಲೇ ಹೇಳಿಡಿ: ದಾರಿ ಸರಿ ಇದ್ದರೆ ಬರ್ತೀವಿ, ಇಲ್ಲದಿದ್ದರೆ ನೀರು ಇಳಿದ ಮೇಲೆ ಬರ್ತೀವಿ, ಜೋಕಾಲಿ ಬಿಚ್ಚಬೇಡಿ. ಹೇಗಾದರೂ ಹಬ್ಬದ ದಿನವೇ ಮುಟ್ಟಬೇಕು ಅನ್ನುವ ಹಟವೇ ಜನರನ್ನು ನೀರಿಗೆ ಇಳಿಸುವುದು. ಹರಿಯುವ ನೀರು ಒಂದು ಅಡಿ ಇದ್ದರೂ ಸಣ್ಣ ಕಾರನ್ನು ಸರಿಸಬಹುದು, ಎರಡು ಅಡಿ ಇದ್ದರೆ ದೊಡ್ಡ ಕಾರನ್ನೂ ಒಯ್ಯುತ್ತದೆ. ಮುಂದಿನವರು ದಾಟಿದರೂ ನೀವು ಇಳಿಸಬೇಡಿ. ಹೈವೇ ಸಹಾಯಕ್ಕೆ 1033, ತುರ್ತಿಗೆ 112.

ಪ್ರಶ್ನೆ: ಗೋವಾದ ಮಡಗಾಂವ್‌ನಿಂದ ಬರೆಯುತ್ತಿದ್ದೇನೆ. ಹುಬ್ಬಳ್ಳಿಯಲ್ಲಿ ತಮ್ಮನ ಮನೆಯ ಗೃಹಪ್ರವೇಶ. ಅನಮೋಡ ಘಾಟ್ ಬಂದ್ ಅಂತ ಒಬ್ಬರು, ಇಲ್ಲ ಅಂತ ಇನ್ನೊಬ್ಬರು ಹೇಳುತ್ತಾರೆ. ಏನು ಮಾಡಲಿ?

ಉತ್ತರ: ಇಬ್ಬರೂ ಸರಿ ಹೇಳುತ್ತಿರಬಹುದು. ಘಾಟ್ ಬಂದ್ ಎಂಬ ಸುದ್ದಿ ಬಂದಾಗ ಮೊದಲು ಕೇಳಬೇಕಾದ್ದು, ಯಾವ ಗಾಡಿಗೆ ಬಂದ್ ಅಂತ. 2025ರ ಜುಲೈನಲ್ಲಿ ಅನಮೋಡ ಘಾಟ್‌ನಲ್ಲಿ ರಸ್ತೆಯ ಒಂದು ಬದಿ ಕುಸಿದಾಗ ನಿಷೇಧ ಬಂದದ್ದು ಭಾರಿ ವಾಹನಗಳಿಗೆ. ಕಾರಿನವರೂ ಅದನ್ನೇ ಕೇಳಿ ಗಾಬರಿಯಾದರು. ಹಿಂದಿನ ದಿನ ಪೊಲೀಸರ ಪ್ರಕಟಣೆ ಓದಿ, ನಿಮ್ಮ ಗಾಡಿಗೆ ಅದು ಅನ್ವಯಿಸುತ್ತದಾ ನೋಡಿ.

ನಿಜವಾಗಿಯೂ ಮುಚ್ಚಿದ್ದರೆ ಹೆಚ್ಚಿನವರು ಚೋರ್ಲಾ ಘಾಟ್ ಹಿಡಿದು ಕಣಕುಂಬಿ, ಜಾಂಬೋಟಿ ಮೇಲೆ ಬೆಳಗಾವಿಗೆ ಹೋಗುತ್ತಾರೆ. ಪಣಜಿಯವರಿಗೆ ಅದು ಸರಿ. ಮಡಗಾಂವ್‌ನವರಿಗೆ ನಾನು ಹೇಳುವುದು ಕಾರವಾರದ ದಾರಿ: ಕಾರವಾರ, ಅಂಕೋಲಾ, ಅಲ್ಲಿಂದ ಅರಬೈಲ್ ಘಟ್ಟ ಹತ್ತಿ ಯಲ್ಲಾಪುರ, ಹುಬ್ಬಳ್ಳಿ. ದೂರ ಜಾಸ್ತಿ, ಆದರೆ ರಸ್ತೆ ಅಗಲ, ದಾರಿಯುದ್ದಕ್ಕೂ ಊರುಗಳಿವೆ. ಮಂಜಿನಲ್ಲಿ ಚೋರ್ಲಾದ ತಿರುವುಗಳನ್ನು ಮಕ್ಕಳನ್ನು ಕೂರಿಸಿಕೊಂಡು ದಾಟುವುದಕ್ಕಿಂತ ಇದು ಎಷ್ಟೋ ವಾಸಿ. 2024ರ ಜುಲೈನಲ್ಲಿ ಗುಡ್ಡ ಕುಸಿದ ಶಿರೂರು ನೆನಪಾಗಿ ಹೆದರಬೇಡಿ. ಅದು ಅಂಕೋಲಾದಿಂದ ಕುಮಟಾ ಕಡೆಗೆ. ನೀವು ಅದಕ್ಕೆ ಮೊದಲೇ ಯಲ್ಲಾಪುರಕ್ಕೆ ತಿರುಗುತ್ತೀರಿ. ಘಟ್ಟವನ್ನು ಮಾತ್ರ ಹಗಲು ಹೊತ್ತಿನಲ್ಲೇ ಹತ್ತಿ.

ಪ್ರಶ್ನೆ: ಡೊಂಬಿವಲಿಯಿಂದ ಬೆಳಗಾವಿಗೆ ಬಾಡಿಗೆ ಗಾಡಿ ಮಾಡಿದ್ದೇವೆ. ಹೈವೇ ಬಂದ್ ಆಗಿ ಸುತ್ತಿ ಹೋಗಬೇಕಾದರೆ ಜಾಸ್ತಿ ದುಡ್ಡು ಯಾರು ಕೊಡಬೇಕು?

ಉತ್ತರ: ಮೊದಲೇ ಮಾತಾಡದಿದ್ದರೆ ನೀವೇ ಕೊಡಬೇಕಾಗುತ್ತದೆ. ಹೊರ ಊರಿನ ಬಾಡಿಗೆಯಲ್ಲಿ ಸಾಮಾನ್ಯವಾಗಿ ದಿನಕ್ಕೆ ಕನಿಷ್ಠ ಇಷ್ಟು ಕಿ.ಮೀ. ಅಂತ ಹಿಡಿಯುತ್ತಾರೆ, ಹೆಚ್ಚಾಗಿ 300. ಅದರ ಮೇಲೆ ಡ್ರೈವರ್ ಭತ್ತೆ, ಟೋಲ್, ಪಾರ್ಕಿಂಗ್ ಬೇರೆ. ಸುತ್ತಿ ಹೋದರೆ ಕಿ.ಮೀ. ಏರುತ್ತದೆ, ನಿಂತುಬಿಟ್ಟರೆ ದಿನ ಏರುತ್ತದೆ. ಈ ಎರಡಕ್ಕೂ ಏನು ದರ ಅಂತ ಮುಂಗಡ ಕೊಡುವ ಮೊದಲು ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ. ಹೊರಡುವ ಹಿಂದಿನ ದಿನ ರಸ್ತೆ ಬಂದ್ ಆದರೆ ಮುಂಗಡ ವಾಪಸ್ ಬರುತ್ತದಾ, ಬೇರೆ ದಿನಕ್ಕೆ ಹೋಗುತ್ತದಾ ಅಂತಲೂ ಕೇಳಿ. ಗಾಡಿಯ ಕರ್ನಾಟಕ ಪರ್ಮಿಟ್, ತೆರಿಗೆ ಸರಿ ಇವೆಯಾ ನೋಡಿಕೊಳ್ಳಿ. ಸುತ್ತು ದಾರಿಯಲ್ಲಿ ಬೇರೆ ಗಡಿಯಿಂದ ಒಳಗೆ ಬರಬೇಕಾಗಬಹುದು.

ಇನ್ನೊಂದು, ಡ್ರೈವರ್ ನಿದ್ದೆಯ ವಿಷಯ. ದಾರಿ ನೂರೈವತ್ತು ಕಿ.ಮೀ. ಉದ್ದವಾದರೆ ಆ ಭಾರ ಬೀಳುವುದು ಅವರ ಮೇಲೆ. ಅವರಿಗೂ ರಾತ್ರಿ ಮಲಗಲು ಒಂದು ರೂಮು ಮಾಡಿಕೊಡಿ, ಗಾಡಿಯಲ್ಲೇ ಮಲಗಲಿ ಅನ್ನಬೇಡಿ.