ಪ್ರತಿಕ್ರಿಯೆ: ಬಿ450 ಬೋರ್ಡಿಗೆ 8 ಜಿಬಿ ಗ್ರಾಫಿಕ್ಸ್ ಕಾರ್ಡ್ ಸಾಕೇ?

ರೈಜೆನ್ 5 3600 ಪ್ರೊಸೆಸರ್, ಬಿ450 ಮದರ್‌ಬೋರ್ಡ್, 550 ವ್ಯಾಟ್ ಪವರ್ ಸಪ್ಲೈ, 1440ಪಿ (2560×1440 ಪಿಕ್ಸೆಲ್) ಮಾನಿಟರ್. ಇದಕ್ಕೆ 8 ಜಿಬಿಯ ಆರ್‌ಟಿಎಕ್ಸ್ 5060 ಟಿಐ ಸಾಕೇ ಎಂದು ಕೇಳಿದ್ದೀರಿ. ದಯವಿಟ್ಟು ಅದನ್ನು ತಗೋಬೇಡಿ.

ತೊಂದರೆ ಇರೋದು ಕಾರ್ಡ್ ಕೂರುವ ಸ್ಲಾಟಿನಲ್ಲಿ. ಆ ಕಾರ್ಡ್ ಬಳಸುವುದು 8 ಲೇನ್ (ಡೇಟಾ ಸಾಗುವ ದಾರಿ) ಮಾತ್ರ, ನಿಮ್ಮ ಬೋರ್ಡ್ ಕೊಡುವುದು ಪಿಸಿಐಇ 3.0 (ಆ ಸ್ಲಾಟಿನ ಹಳೆಯ, ನಿಧಾನದ ತಲೆಮಾರು). ಅಂದರೆ ಸೆಕೆಂಡಿಗೆ ಸಾಗುವ ಡೇಟಾ ಸುಮಾರು 8 ಜಿಬಿ ಅಷ್ಟೇ. ಟೆಕ್ಸ್ಚರ್‌ಗಳು (ಆಟದ ವಸ್ತುಗಳ ಮೇಲ್ಮೈ ಚಿತ್ರಗಳು) ಕಾರ್ಡಿನ ಮೆಮೊರಿಯಲ್ಲಿ ಹಿಡಿಸದೆ ಸಿಸ್ಟಮ್ ರ‍್ಯಾಮ್‌ಗೆ ಹೋದಾಗ ಎಲ್ಲವೂ ಆ ಇಕ್ಕಟ್ಟಿನ ದಾರಿಯಲ್ಲೇ ಓಡಾಡಬೇಕು. ಸರಾಸರಿ ಎಫ್‌ಪಿಎಸ್ (ಸೆಕೆಂಡಿಗೆ ಮೂಡುವ ಫ್ರೇಮ್‌ಗಳು) ಚೆನ್ನಾಗಿಯೇ ಕಾಣಬಹುದು, ಆದರೆ ಕ್ಯಾಮೆರಾ ತಿರುಗಿಸಿದಾಗ ಆಟ ತಡವರಿಸುತ್ತದೆ, ಎದುರಿನ ಗೋಡೆ ಮಸುಕಾಗಿಯೇ ನಿಲ್ಲುತ್ತದೆ.

16 ಜಿಬಿಯ ಆರ್‌ಎಕ್ಸ್ 9060 ಎಕ್ಸ್‌ಟಿ ನೋಡಿ. ಅದಕ್ಕೆ 16 ಲೇನ್ ಇದೆ, ವಿದ್ಯುತ್ ಸುಮಾರು 160 ವ್ಯಾಟ್, ಹಾಗಾಗಿ ಒಳ್ಳೆಯ 550 ವ್ಯಾಟ್ ಸಪ್ಲೈ ಬದಲಿಸಬೇಕಿಲ್ಲ. ಅದೇ ಹೆಸರಿನಲ್ಲಿ 8 ಜಿಬಿ ಮಾದರಿಯೂ ಇದೆ, ಬಿಲ್ ಮಾಡಿಸುವ ಮುಂಚೆ ಡಬ್ಬದ ಮೇಲೆ ಓದಿಕೊಳ್ಳಿ. ಬ್ಲೆಂಡರ್ (3ಡಿ ಚಿತ್ರ ಮಾಡುವ ಸಾಫ್ಟ್‌ವೇರ್) ಕೆಲಸವೂ ಇದ್ದರೆ ಮಾತ್ರ 16 ಜಿಬಿಯ 5060 ಟಿಐಗೆ ಹೆಚ್ಚು ದುಡ್ಡು ಹಾಕಬಹುದು.

ಕಾರ್ಡ್ ಕೂರಿಸುವ ಮೊದಲು ಬಯಾಸ್ (ಬೋರ್ಡಿನ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿ, ಆಮೇಲೆ ಅದರ ಸೆಟ್ಟಿಂಗ್‌ಗಳಲ್ಲಿ ಅಬೋವ್ 4ಜಿ ಡಿಕೋಡಿಂಗ್ ಮತ್ತು ರೀಸೈಜಬಲ್ ಬಾರ್ (ಕಾರ್ಡಿನ ಪೂರ್ತಿ ಮೆಮೊರಿಯನ್ನು ಪ್ರೊಸೆಸರ್ ಒಟ್ಟಿಗೆ ತಲುಪಲು ಬಿಡುವ ಸೆಟ್ಟಿಂಗ್) ಆನ್ ಮಾಡಿ, ಸಿಎಸ್‌ಎಂ (ಹಳೆಯ ರೀತಿಯಲ್ಲಿ ಬೂಟ್ ಆಗಲು ಬಿಡುವ ಸೆಟ್ಟಿಂಗ್) ಆಫ್ ಮಾಡಿ. ವಿಂಡೋಸ್ ಡಿಸ್ಕ್ ಹಳೆಯ ಎಂಬಿಆರ್ ವಿಭಜನಾ ಮಾದರಿಯದಾಗಿದ್ದರೆ ಸಿಎಸ್‌ಎಂ ಆಫ್ ಆದ ಕೂಡಲೇ ಬೂಟ್ ಆಗುವುದಿಲ್ಲ. ಜನ ಕಾರ್ಡೇ ಕೆಟ್ಟಿದೆ ಅಂದುಕೊಂಡು ವಾಪಸ್ ಕೊಡುತ್ತಾರೆ. ಡೇಟಾ ಬ್ಯಾಕಪ್ ತೆಗೆದುಕೊಂಡು ಡಿಸ್ಕನ್ನು ಮೊದಲೇ ಹೊಸ ಮಾದರಿಯಾದ ಜಿಪಿಟಿಗೆ ಬದಲಿಸಿ.

ಪ್ರೊಸೆಸರ್ ಸದ್ಯಕ್ಕೆ ಹಾಗೇ ಇರಲಿ. 1440ಪಿಯಲ್ಲಿ ಹೆಚ್ಚಿನ ಭಾರ ಕಾರ್ಡಿನ ಮೇಲೇ ಬೀಳುತ್ತದೆ.